ಅರ್ಧ ಮಾಳಿಗೆಯ ಅರ್ಜಿ

ಮೂವತ್ತೊಂದು ವರ್ಷ ನಾನು ಹೈದರಾಬಾದಿನ ಒಂದು ಪಾಲಿಕೆ ಕಚೇರಿಯಲ್ಲಿ, ಮನೆ ಕಟ್ಟುವವರಿಗೆ ಪರವಾನಗಿ ಕೊಡುವ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ. ಮೇಲಧಿಕಾರಿ ಸಹಿ ಹಾಕಲು ತಯಾರಿದ್ದರೂ ಕಾಗದ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. ಲಂಚ ಮುಟ್ಟಿದವನಲ್ಲ. ಹೀಗಂದರೆ ಯಾರೂ ನಂಬುವುದಿಲ್ಲ, ನಂಬದಿದ್ದರೆ ಬಿಡಲಿ. ನನಗಿದ್ದದ್ದು ಒಂದೇ ಚಟ, ಕೇಳಿದ್ದನ್ನು ಕಡಿಯುವುದು.

ಅದಕ್ಕೊಂದು ಪದ್ಧತಿಯಿತ್ತು. ಮೂರು ಅಡಿ ಬಾಲ್ಕನಿ ಬೇಕಾದವನು ಅರ್ಜಿಯಲ್ಲಿ ಆರು ಅಡಿ ಎಂದು ಬರೆಯುತ್ತಿದ್ದ. ನಾನು ಕೆಂಪು ಪೆನ್ನಿನಿಂದ ಆರನ್ನು ಹೊಡೆದು ಮೂರು ಮಾಡುತ್ತಿದ್ದೆ. ಅವನು ಬೇಸರದ ಮುಖ ಹೊತ್ತು ಹೊರಗೆ ಹೋಗಿ, ಗೇಟಿನ ಬಳಿ ನಗುತ್ತಿದ್ದ. ನಾನೂ ಸರ್ಕಾರಕ್ಕೆ ಮೂರಡಿ ಉಳಿಸಿಕೊಟ್ಟೆ ಎಂದು ಚಹಾ ತರಿಸಿಕೊಳ್ಳುತ್ತಿದ್ದೆ. ಎರಡೂ ಕಡೆ ಸಮಾಧಾನ. ಅಳತೆಪಟ್ಟಿ ಹಿಡಿದು ಸ್ಥಳಕ್ಕೆ ಹೋಗುವ ತಾಪತ್ರಯವೂ ಇರಲಿಲ್ಲ.

ಒಮ್ಮೆ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಬಂದಿದ್ದಳು. ಮನೆಯ ಮುಂದೆ ತನ್ನ ಮೇಜಿಗೆ ನೆರಳಾಗಲೆಂದು ನಾಲ್ಕು ಅಡಿ ತಗಡು ಹಾಕಿಕೊಳ್ಳಲು ಅನುಮತಿ ಕೇಳಿದ್ದಳು. ನಾನು ಅಭ್ಯಾಸದಂತೆ ಎರಡು ಅಡಿ ಎಂದು ತಿದ್ದಿದೆ. ಆಕೆ ಕಾಗದ ನೋಡಿ, "ನಾಕು ಅಂತೇ ಕಾವಾಲಿ ಸಾರ್, ಅಂದುಕೇ ಅಂತೇ ಅಡಿಗಾನು" ಎಂದು ತೆಲುಗಿನಲ್ಲಿ ಹೇಳಿದಳು. ನನಗೆ ಬೇಕಾಗಿದ್ದೇ ಅಷ್ಟು, ಅದಕ್ಕೇ ಅಷ್ಟೇ ಕೇಳಿದೆ ಎಂದು. ಎಂಥ ದಡ್ಡ ಹೆಂಗಸು, ಅರ್ಜಿ ಬರೆಯುವ ರೀತಿಯೇ ಗೊತ್ತಿಲ್ಲವಲ್ಲ ಎಂದು ನಾನು ಅಂದುಕೊಂಡೆ. ಈ ಕತೆಯನ್ನು ಎಷ್ಟೋ ವರ್ಷ ತಮಾಷೆಗೆಂದು ಹೇಳಿಕೊಂಡು ಬಂದಿದ್ದೇನೆ.

ನಿವೃತ್ತನಾದ ಮೇಲೆ ಕೆಂಪು ಪೆನ್ನು ಮನೆಗೆ ಬಂತು. ನಮ್ಮದು ದಿಲ್‌ಸುಖ್‌ನಗರದಲ್ಲಿ ಒಂದು ಅಂತಸ್ತಿನ ಹಳೆಯ ಮನೆ. ಸುತ್ತಲೂ ಕೋಚಿಂಗ್ ಓದುವ ಮಕ್ಕಳ ಹಾಸ್ಟೆಲ್ಲುಗಳು ಎದ್ದು ನಿಂತಿವೆ. ಪುಣ್ಯಕ್ಕೆ ದಕ್ಷಿಣದ ಕಡೆ ಮಾತ್ರ ಯಾವುದೂ ಏಳಲಿಲ್ಲ. ಹಾಗಾಗಿ ಬೆಳಗಿನಿಂದ ಸಂಜೆಯ ತನಕ ಮಾಳಿಗೆಯ ತುಂಬ ಬಿಸಿಲು. ಆ ಬಿಸಿಲಿನ ಮೇಲೆ ನನ್ನ ಕಣ್ಣು ಬಿದ್ದದ್ದು ನಿವೃತ್ತಿಯಾದ ಎರಡನೇ ವರ್ಷ. ಸೋಲಾರ್ ಹಾಕಿಸಬೇಕು ಎಂದು ತೀರ್ಮಾನಿಸಿದೆ.

ಆದರೆ ಆ ಬಿಸಿಲಿಗೆ ಆಗಲೇ ಒಬ್ಬರು ಹಕ್ಕುದಾರರಿದ್ದರು. ನನ್ನ ಹೆಂಡತಿ ಬಾಗಲಕೋಟೆಯವಳು. ಬೇಸಿಗೆ ಬಂತೆಂದರೆ ಅವಳ ಸಂಸಾರವೆಲ್ಲ ಮಾಳಿಗೆಯ ಮೇಲೆಯೇ. ಹಳೆಯ ಸೀರೆ ಹಾಸಿ ಶಾವಿಗೆ, ಹಪ್ಪಳ, ಸಂಡಿಗೆ, ಉಪ್ಪು ತುಂಬಿದ ಮೆಣಸಿನಕಾಯಿ, ಒಂದಾದ ಮೇಲೊಂದು. ಓಣಿಯ ಅಪಾರ್ಟ್‌ಮೆಂಟುಗಳಲ್ಲಿ ಮಾಳಿಗೆಗೆ ಬೀಗ ಹಾಕಿರುತ್ತಾರೆ. ಅದಕ್ಕೆ ಅಲ್ಲಿನ ನಾಲ್ಕೈದು ತೆಲುಗು ಹೆಂಗಸರೂ ತಮ್ಮ ಹಿಟ್ಟು, ಮಣೆ, ಲಟ್ಟಣಿಗೆ ಹೊತ್ತು ನಮ್ಮಲ್ಲಿಗೇ ಬರುತ್ತಾರೆ. ವರ್ಷದಲ್ಲಿ ಒಂದು ವಾರ ನಮ್ಮ ಮಾಳಿಗೆಯ ಮೇಲೆ ಗಂಡಸಿಗೆ ಪ್ರವೇಶವಿಲ್ಲ. ಆ ವರ್ಷವೂ ಯುಗಾದಿ ಮುಗಿದ ಮರುವಾರವೆಂದು ಎಲ್ಲರಿಗೂ ಹೇಳಿ ಇಟ್ಟಿದ್ದಳು.

ಸೋಲಾರ್ ಕೂರಿಸುವ ಮೇಸ್ತ್ರಿ ಅಳತೆಗೆ ಬಂದ. ಯಾದಗಿರಿ ಕಡೆಯವನು. ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ತಗಡು ಹೊದಿಸಲು ಬಂದವನು, ಈಗ ಅದೇ ತಗಡುಗಳ ಮೇಲೆ ಸೋಲಾರ್ ಹಾಕುತ್ತಿದ್ದ. ಟೇಪು ಎಳೆದು ನೋಡಿ, "ನಿಮ್ಮ ಮನಿಗೆ ಮೂರು ಕಿಲೋವ್ಯಾಟ್ ಸಾಕ್ರಿ ಸಾಹೇಬ್ರ. ಆರು ಪ್ಯಾನೆಲ್ ಕೂಡ್ತಾವ. ಅರ್ಧ ಮಾಳಗಿ ಹೋಗ್ತದ ನೋಡ್ರಿ" ಎಂದ.

ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಮಾಳಗಿ ಪೂರಾ ನಂದು. ನಿಮ್ಮ ಪ್ಯಾನೆಲ್ ಎಲ್ಲೆರ ಇಟ್ಕೋರಿ" ಎಂದಳು.

"ಪೂರಾ ಹೆಂಗ ಆಗತೈತಿ? ಅರ್ಧ ತಗೋ."

"ಅರ್ಧದಾಗ ಏನ್ ಒಣಗಸ್ಲಿ ನಾ? ಸಂಡಿಗಿ ನಿಮ್ಮ ತಲಿ ಮ್ಯಾಲೆ ಹಾಕ್ಲೇನು?"

ನನ್ನ ತಲೆಯ ಮೇಲೆ ಈಗ ಕೂದಲಿಲ್ಲ, ಜಾಗ ಸಾಕಷ್ಟಿದೆ. ಮೇಸ್ತ್ರಿ ಟೇಪು ಸುತ್ತುತ್ತ ಆ ಕಡೆ ಮುಖ ತಿರುಗಿಸಿದ. ನಾನು ಸೋಲಲಿಲ್ಲ. ಅರ್ಧಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ ಎಂದೆ. ಅವಳು ನೀರಿನ ಟಾಕಿಯ ಕಡೆ ಒಮ್ಮೆ ನೋಡಿ, "ಆತು ಬಿಡ್ರಿ. ನೀರಿನ ಟಾಕಿ ಕಡಿ ಅರ್ಧ ನಂದು. ಆದ್ರ ಮಾತು ಕೊಡ್ರಿ, ಅದರ ಮ್ಯಾಲೆ ಒಂದು ಮೊಳಿನೂ ಹೊಡಿಯಂಗಿಲ್ಲ" ಎಂದಳು. ಮೇಸ್ತ್ರಿಯ ಎದುರಿನಲ್ಲೇ ಮಾತು ಕೊಟ್ಟೆ. ಇಷ್ಟು ಬೇಗ ಒಪ್ಪಿಸಿದೆನಲ್ಲ, ಅನುಭವ ಅಂದರೆ ಇದು ಎಂದು ಒಳಗೊಳಗೇ ಹಿಗ್ಗಿದೆ.

ಇನ್ನು ಪರವಾನಗಿ. ಅರ್ಜಿಯನ್ನು ತಾನೇ ಫೋನಿನಲ್ಲಿ ಹಾಕಿಕೊಡುವುದಾಗಿ ಮೇಸ್ತ್ರಿ ಹೇಳಿದ. ಈಗೆಲ್ಲ ಆನ್‌ಲೈನ್, ಪಾಲಿಕೆಗೂ ವಿದ್ಯುತ್ ಕಂಪನಿಗೂ ಸೇರಿ ಒಂದೇ ಅರ್ಜಿ, ಸಣ್ಣ ಮನೆಗಳದ್ದನ್ನು ಕಂಪ್ಯೂಟರೇ ನೋಡಿ ಮುಗಿಸುತ್ತದೆ ಎಂದ. "ನನಗ ಅರ್ಜಿ ಬರಿಯೂದು ಕಲಸ್ತೀಯೇನಪ?" ಎಂದು ಅವನನ್ನು ಸುಮ್ಮನಾಗಿಸಿದೆ.

ಎರಡು ದಿನ ಕೂತು ಫೈಲು ಕಟ್ಟಿದೆ. ಮನೆಯ ಪತ್ರದ ನಕಲು ಎರಡು ಪ್ರತಿ, ಕಂದಾಯದ ರಸೀದಿ, ಮಾಳಿಗೆಯ ಕೈನಕ್ಷೆ, ಮೇಲೊಂದು ವಿನಂತಿ ಪತ್ರ, ಎಲ್ಲಕ್ಕೂ ಮೂಲೆಯಲ್ಲಿ ತೂತು ಕೊರೆದು ಕೆಂಪು ದಾರ. ಮೂರನೇ ದಿನ ಬೆಳಿಗ್ಗೆ ಆ ಜಾಲತಾಣ ತೆರೆದರೆ ಅದಕ್ಕೆ ಇದ್ಯಾವುದೂ ಬೇಡ. ಮೀಟರ್ ನಂಬರು, ಮಾಳಿಗೆಯ ಉದ್ದ ಅಗಲ, ಮೇಲಿನಿಂದ ತೆಗೆದ ಫೋಟೋ. ಕೊನೆಗೊಂದು ಪ್ರಶ್ನೆ: ಎಷ್ಟು ಕಿಲೋವ್ಯಾಟ್ ಬೇಕು?

ಮೂರು ಬೇಕಿತ್ತು. ಆರು ಎಂದು ಬರೆದೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿತ್ತು? ಆರು ಕೇಳಿದರೆ ಮೂರು ಕೊಡುತ್ತಾರೆ, ಮೂರು ಕೇಳಿದರೆ ಒಂದೂವರೆ. ಕಂಪ್ಯೂಟರ್ ಆದರೇನು, ಅದಕ್ಕೆ ಕಲಿಸಿದವರು ನಮ್ಮಂಥ ಗುಮಾಸ್ತರೇ ಇರಬೇಕು. ಕಳಿಸು ಎಂಬುದನ್ನು ಒತ್ತಿ, ಇನ್ನು ಮೂರು ತಿಂಗಳು ನಿಶ್ಚಿಂತೆ ಎಂದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಚಹಾ ಸೋಸಿ ಕಪ್ಪಿಗೆ ಹಾಕುವಷ್ಟರಲ್ಲಿ ಫೋನು ಸದ್ದು ಮಾಡಿತು. ಅರ್ಜಿ ಮಂಜೂರಾಗಿದೆ. ಆರು ಅಂದರೆ ಪೂರ್ತಿ ಆರು. ಜೊತೆಗೆ ಕಂಪ್ಯೂಟರೇ ಬರೆದ ನಕ್ಷೆ, ಅದರಲ್ಲಿ ನಮ್ಮ ಮಾಳಿಗೆಯ ತುಂಬ ಹನ್ನೆರಡು ನೀಲಿ ಚೌಕ.

ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಒಬ್ಬರಾದರೂ ಓದಬೇಡವೇ? ಒಂದು ಆಕ್ಷೇಪಣೆ, ಒಂದು ಹೆಚ್ಚಿನ ಮಾಹಿತಿ ಒದಗಿಸಿ, ಒಂದು ನಾಳೆ ಬನ್ನಿ? ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನ ಅರ್ಜಿ ಹೀಗೆ ಒಂದು ಗೀಟೂ ಬೀಳದೆ ದಾಟಿಹೋದದ್ದು ನನಗೆ ಅವಮಾನ ಅನ್ನಿಸಿತು. ಚಹಾ ತಣ್ಣಗಾಯಿತು.

ಅಷ್ಟರಲ್ಲಿ ಹೆಂಡತಿ ತರಕಾರಿ ಚೀಲ ಹಿಡಿದು ಬಂದಳು. ಫೋನು ಮೇಜಿನ ಮೇಲೆ ತೆರೆದೇ ಇತ್ತು. ಅವಳು ನಕ್ಷೆಯನ್ನು ಬಗ್ಗಿ ನೋಡಿ, ನೀಲಿ ಚೌಕಗಳನ್ನು ಬೆರಳಿನಿಂದ ಎಣಿಸಿದಳು.

"ಇದರಾಗ ನನ್ನ ಅರ್ಧ ಎಲ್ಲೈತ್ರಿ?"

ನಾನು ವಿವರಿಸಲು ಹೋದೆ. ಅವರು ಕಡಿಯಬೇಕಿತ್ತು, ಕಡಿಯಲಿಲ್ಲ, ತಪ್ಪು ಅವರದು ಎಂದೆ. ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು. ನನ್ನ ಹೆಂಡತಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಮರ್ಯಾದೆ ಕೊಡಲು ಶುರು ಮಾಡುತ್ತಾಳೆ. ಮಧ್ಯಾಹ್ನ, "ಸಾಹೇಬ್ರ, ಊಟಕ್ಕ ಏಳ್ರಿ" ಎಂಬ ಕರೆ ಬಂತು. ರೊಟ್ಟಿ ಬಿಸಿಯಾಗಿತ್ತು, ಪಲ್ಯ ರುಚಿಯಾಗಿತ್ತು, ಬೆಣ್ಣೆಯೂ ಇತ್ತು. ಅರ್ಧ ರೊಟ್ಟಿಗೇ ಕೈ ತೊಳೆದೆ.

ಮೇಸ್ತ್ರಿಗೆ ಫೋನು ಮಾಡಿ, ಕಾಗದದಲ್ಲಿ ಹನ್ನೆರಡು ಪ್ಯಾನೆಲ್ ಇರಲಿ, ನೀನು ಆರೇ ಹಾಕು ಎಂದೆ.

"ಆಗಂಗಿಲ್ರಿ. ಕಾಗದದಾಗ ಹನ್ನೆರಡು ಅದ ಅಂದ್ರ ಮಾಳಗಿ ಮ್ಯಾಲೂ ಹನ್ನೆರಡೇ ಇರಬೇಕು. ಇಲ್ಲಂದ್ರ ಕರೆಂಟ್ ಕಂಪನಿಯವ್ರು ಸೋಲಾರಿಗೆ ಹೊಸ ಮೀಟರ್ ಕೊಡಂಗಿಲ್ಲ. ನೀವರ ಯಾಕ್ರಿ ಆರು ಕಿಲೋವ್ಯಾಟ್ ಬರದ್ರಿ?"

"ಅರ್ಧ ಕಡೀತಾರ ಅಂತ."

ಆ ಕಡೆಯಿಂದ ಅವನು ನಗುವುದು ಕೇಳಿಸಿತು, ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದೂ ಕೇಳಿಸಿತು, ಅವನೂ ನಕ್ಕ.

ಯುಗಾದಿಗೆ ಹತ್ತು ದಿನ ಉಳಿದಿತ್ತು. ಮರುದಿನ ಫೈಲು ಕಂಕುಳಲ್ಲಿಟ್ಟುಕೊಂಡು ನನ್ನ ಹಳೆಯ ಕಚೇರಿಗೇ ಹೋದೆ. ಗುರುತಿನವರು ಯಾರಾದರೂ ಕಡಿದುಕೊಡುತ್ತಾರೆ ಎಂಬ ನಂಬಿಕೆ. ಗುರುತಿನವರು ಯಾರೂ ಇರಲಿಲ್ಲ. ನನ್ನ ಕೌಂಟರಿಗೆ ಪ್ಲೈವುಡ್ ಬಡಿದಿದ್ದರು. ನಾನು ಕೂರುತ್ತಿದ್ದ ಜಾಗದಲ್ಲಿ ನೀರಿನ ಕ್ಯಾನುಗಳು ಸಾಲಾಗಿ ನಿಂತಿದ್ದವು. ಒಳಗೆ ಒಬ್ಬಳೇ ಹುಡುಗಿ, ಇಂಜಿನಿಯರಂತೆ, ನನ್ನ ಮಗಳಾಗುವ ವಯಸ್ಸು. ನಾನು ಇಲ್ಲೇ ಕೆಲಸ ಮಾಡಿದವನು ಎಂದಾಗ ಎದ್ದು ನಿಂತು ಕುರ್ಚಿ ಕೊಟ್ಟಳು.

ವಿಷಯ ಹೇಳಿದೆ. ಆರರಲ್ಲಿ ಮೂರು ಕಡಿಯಿರಿ ಎಂದು ಬೇಡಿಕೊಂಡೆ. ಕಡಿಯಬೇಡಿ ಎಂದು ನನ್ನ ಮುಂದೆ ಅತ್ತವರಿದ್ದಾರೆ, ಕಡಿಯಿರಿ ಎಂದು ಬೇಡಿದ ಮೊದಲನೆಯವನು ನಾನೇ ಇರಬೇಕು. ಅವಳು ಫೈಲಿನ ದಾರವನ್ನೂ ಬಿಚ್ಚಲಿಲ್ಲ.

"ಅಂಕುಲ್, ಇಪ್ಪುಡು ಇಕ್ಕಡ ಎವರೂ ತಗ್ಗಿಂಚರು" ಎಂದಳು, ಈಗ ಇಲ್ಲಿ ಯಾರೂ ಕಡಿಮೆ ಮಾಡುವುದಿಲ್ಲ ಎಂದು. ಆಮೇಲೆ ಕೇಳಿದಳು, "ಮೀಕು ಎಂತ ಕಾವಾಲಿ?"

ನಿಮಗೆ ಎಷ್ಟು ಬೇಕು? ಇಷ್ಟು ಸುಲಭದ ಪ್ರಶ್ನೆಯನ್ನು ಆ ಕಚೇರಿಯಲ್ಲಿ ನಾನು ಯಾರಿಗೂ ಕೇಳಿದವನಲ್ಲ. ನನಗೂ ಯಾರೂ ಕೇಳಿರಲಿಲ್ಲ. ಚಾಲ್ತಿಯಲ್ಲಿರುವ ಪದ್ಧತಿ, ವಾಡಿಕೆ ಎಂದೆಲ್ಲ ಸುತ್ತಿ ಬಳಸಿ ಏನೇನೋ ಹೇಳಿದೆ. ಅವಳು ಕಾದಳು. ಕೊನೆಗೆ ಮೂರು ಎಂದೆ. ಬಚ್ಚಲಿನಿಂದ ಟವೆಲಿಲ್ಲದೆ ಹೊರಗೆ ಬಂದಷ್ಟು ನಾಚಿಕೆಯಾಯಿತು. ಅವಳು ನನ್ನ ಫೋನಿನಲ್ಲೇ ಅದೇ ಪುಟದ ಕೆಳಗೆ ತಿದ್ದುಪಡಿಯ ಗುಂಡಿ ತೋರಿಸಿದಳು. ಮೂರು ಎಂದು ಬರೆದು ಕಾರಣ ಬರೆದರೆ ಸಾಕು, ಮನೆಯಿಂದಲೇ ಮಾಡಿ, ಬಿಸಿಲಲ್ಲಿ ಇಷ್ಟು ದೂರ ಯಾಕೆ ಬಂದಿರಿ ಎಂದಳು. ಫೈಲನ್ನು ಏನು ಮಾಡಲಿ ಎಂದು ಕೇಳಿದೆ. ಜೋಪಾನವಾಗಿ ಇಟ್ಟುಕೊಳ್ಳಿ, ದಾರ ಚೆನ್ನಾಗಿದೆ ಎಂದು ನಕ್ಕಳು.

ಮನೆಗೆ ಬಂದು ಕಾರಣ ಬರೆಯಲು ಕೂತೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನು ಈ ಮೂಲಕ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಲವು ತಾಂತ್ರಿಕ ಹಾಗೂ ಕೌಟುಂಬಿಕ ಕಾರಣಗಳಿಂದಾಗಿ... ಅಷ್ಟಕ್ಕೇ ಆ ಖಾನೆ ತುಂಬಿಹೋಯಿತು, ಮುಂದೆ ಅಕ್ಷರ ಹಿಡಿಯಲಿಲ್ಲ. ಅಳಿಸಿ ಮತ್ತೆ ಬರೆದೆ, ಮತ್ತೆ ತುಂಬಿತು. ಹೆಂಡತಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಇದ್ದದ್ದು ಬರೀರಿ" ಎಂದಳು. ಸಾಹೇಬ್ರ ಎನ್ನಲಿಲ್ಲ.

ಇದ್ದದ್ದನ್ನೇ ತೆಲುಗಿನಲ್ಲಿ ಬರೆದೆ: ಹಪ್ಪಳ ಒಣಗಿಸಲು ನನ್ನ ಹೆಂಡತಿಗೆ ಅರ್ಧ ಮಾಳಿಗೆ ಬೇಕು, ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಒಮ್ಮೆ ಗಟ್ಟಿಯಾಗಿ ಓದಿಕೊಂಡು, ಕಳಿಸು ಎಂಬುದನ್ನು ಒತ್ತಿದೆ. ಸರ್ಕಾರಿ ಕಾಗದದಲ್ಲಿ ಹಪ್ಪಳ ಎಂಬ ಮಾತನ್ನು ನನ್ನ ಇಡೀ ಸೇವಾವಧಿಯಲ್ಲಿ ನೋಡಿದವನಲ್ಲ. ನಾನು ಫೋನನ್ನೇ ನೋಡುತ್ತ ಕೂತೆ, ಅವಳು ಪಕ್ಕದಲ್ಲಿ ಈರುಳ್ಳಿ ಹೆಚ್ಚಲು ಕೂತಳು. ಎರಡು ಈರುಳ್ಳಿ ಮುಗಿಯುವಷ್ಟರಲ್ಲಿ ಉತ್ತರ ಬಂತು. ಮಂಜೂರು. ಹೊಸ ನಕ್ಷೆಯಲ್ಲಿ ಆರು ನೀಲಿ ಚೌಕ, ಟಾಕಿಯ ಕಡೆ ಪೂರ್ತಿ ಬಿಳಿ.

ಅವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಬಿಳಿಯ ಭಾಗವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಅವಳ ಮುಖದಲ್ಲಿ ನಗು ಕಂಡು ನನಗೆ ಹೋದ ಜೀವ ಬಂದಂತಾಯಿತು. ಸುಮ್ಮನಿರಬಾರದೆ? "ನೋಡು, ನೀ ಪೂರಾ ಕೇಳಿದ್ದಿ. ನಾ ಅವತ್ತು ಅರ್ಧಕ್ಕ ಒಪ್ಪಿಸಿದ್ದಕ್ಕ ಇಬ್ಬರಿಗೂ ಚಲೋ ಆತು" ಎಂದೆ.

"ನನಗ ಬೇಕಾಗಿದ್ದೇ ಅರ್ಧ" ಎಂದಳು ಅವಳು. "ಪೂರಾ ಮಾಳಗಿ ತಗೊಂಡು ನಾ ಏನ್ ಮಾಡ್ಲಿ? ಅರ್ಧ ಕೇಳಿದ್ರ ನೀವು ಕಾಲು ಕೊಡ್ತಿದ್ರಿ. ಇಷ್ಟು ವರ್ಷ ನಿಮ್ಮ ಜೋಡಿ ಬಾಳ್ವೆ ಮಾಡೀನಿ, ಇಷ್ಟೂ ತಿಳಿಯಂಗಿಲ್ಲೇನ್ರಿ?"

ನಾನು ನಕ್ಕೆ. ಗುಮಾಸ್ತನನ್ನೇ ಗೆದ್ದವಳು ಎಂದು ಖುಷಿಯೂ ಆಯಿತು. ಯಾವಾಗಿನಿಂದ ಈ ವಿದ್ಯೆ ಎಂದು ಕೇಳಿದೆ. ಅವಳು ಮತ್ತೆ ಈರುಳ್ಳಿ ಹೆಚ್ಚುತ್ತ ಹೇಳಿದಳು.

"ಒಂದ್ಸಲ ಅಷ್ಟ, ಬೇಕಾದಷ್ಟ ಕೇಳಿದ್ದೆ. ಅವ್ವನ ಕಣ್ಣಿನ ಆಪರೇಶನ್ ಆದಾಗ. ಎಂಟನೇ ದಿನ ಕಣ್ಣಿನ ಪಟ್ಟಿ ಬಿಚ್ತೀವಿ ಅಂದಿದ್ರು ಡಾಕ್ಟರು. ಎಂಟು ದಿನ ಹೋಗಿ ಬರ್ತೀನಿ ಅಂದೆ. ನೀವು ನಾಕು ದಿನ ಅಂದ್ರಿ. ಪಟ್ಟಿ ಬಿಚ್ಚೂದಕ್ಕ ಮೊದಲ ಹೊಳ್ಳಿ ಬಂದ್ಬಿಟ್ಟೆ. ಕಣ್ಣು ತೆರದ ಕೂಡ್ಲೇ ಅವ್ವ ನನ್ನ ಹುಡುಕಿದ್ಲಂತ. ಅವತ್ತಿನಿಂದ ಏನ್ ಕೇಳೂದಿದ್ರೂ ದುಪ್ಪಟ್ಟು ಕೇಳತೀನಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಆ ದಿನ ನನಗೆ ನೆನಪಿತ್ತು. ನಾಲ್ಕು ಎಂದದ್ದೂ ನೆನಪಿತ್ತು. ಯಾಕೆ ನಾಲ್ಕು ಎಂದೆ ಎಂದು ಎಷ್ಟು ಯೋಚಿಸಿದರೂ ಕಾರಣ ಸಿಗಲಿಲ್ಲ. ಮನೆಯಲ್ಲಿ ತೊಂದರೆಯಿರಲಿಲ್ಲ, ಅಡುಗೆಗೆ ನನ್ನ ತಂಗಿ ಬಂದಿದ್ದಳು. ಕಾರಣವೇ ಇರಲಿಲ್ಲ. ಎಂಟರ ಅರ್ಧ ನಾಲ್ಕು, ಅಷ್ಟೇ. ಇಸ್ತ್ರಿಯ ಹೆಂಗಸಿನ ಮಾತು ಆಗ ನೆನಪಾಯಿತು, ನನಗೆ ಬೇಕಾಗಿದ್ದೇ ಅಷ್ಟು ಸಾರ್. ಆಕೆಯ ಅರ್ಧ ಮೈ ಎಷ್ಟು ಬೇಸಿಗೆ ಬಿಸಿಲಲ್ಲಿ ನಿಂತಿತೋ ಗೊತ್ತಿಲ್ಲ. ಅವತ್ತಿನಿಂದ ಆ ಕತೆಯನ್ನು ತಮಾಷೆಗೆ ಹೇಳುವುದು ಬಿಟ್ಟಿದ್ದೇನೆ.

"ತಪ್ಪಾತು" ಎಂದೆ. ಆ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲ ಸಲವಿರಬೇಕು. "ಇನ್ ಮ್ಯಾಲೆ ಎಷ್ಟು ಬೇಕೋ ಅಷ್ಟ ಕೇಳು. ಕಡಿಯಂಗಿಲ್ಲ."

ಅವಳು ಚಾಕು ಕೆಳಗಿಟ್ಟು ನನ್ನನ್ನು ನೋಡಿದಳು. ನಂಬಲೋ ಬೇಡವೋ ಎಂದು ತೂಗುತ್ತಿದ್ದಳು. "ಹಂಗಾದ್ರ ಹಪ್ಪಳದ ಕೆಲಸ ಮುಗದ ಮ್ಯಾಲೆ ಅವ್ವನ ಕಡೆ ಎಂಟು ದಿನ ಹೋಗಿ ಬರ್ತೀನಿ" ಎಂದಳು.

"ಹೋಗು. ಎಂಟು ದಿನ."

ಯುಗಾದಿಗೆ ಮೊದಲೇ ಮೇಸ್ತ್ರಿ ಬಂದು ಆಳೆತ್ತರದ ಕಂಬಗಳ ಮೇಲೆ ಆರು ಪ್ಯಾನೆಲ್ ಕೂರಿಸಿದ. ಟಾಕಿಯ ಕಡೆ ಸುಣ್ಣದ ಗೆರೆ ಎಳೆದು ಅದರಾಚೆ ಚಪ್ಪಲಿ ಕೂಡ ಬಿಡಲಿಲ್ಲ. ಹಬ್ಬದ ಮರುವಾರ ಹೆಂಗಸರೆಲ್ಲ ಮಣೆ, ಲಟ್ಟಣಿಗೆ ಹೊತ್ತು ಬಂದರು. ಪ್ಯಾನೆಲ್ಲುಗಳ ಕೆಳಗಿನ ನೆರಳು ಹಿಟ್ಟಿನ ಪಾತ್ರೆ ಇಡಲು, ಊಟಕ್ಕೆ ಕೂರಲು ಬಹಳ ಅನುಕೂಲವಾಯಿತಂತೆ. ಸೋಲಾರ್ ಹಾಕಿಸಿದ್ದೇ ಅದಕ್ಕೆಂದು ಅವರೆಲ್ಲ ತಿಳಿದಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಕೆಲಸ ಮುಗಿಸಿ ಅವಳು ಬಾಗಲಕೋಟೆಗೆ ಹೊರಟಳು. ಕೊನೆಯ ಸಂಡಿಗೆಗೆ ಇನ್ನೂ ಬಿಸಿಲು ಬೇಕಿತ್ತು, ಅದನ್ನು ಕಾಯುವ ಕೆಲಸ ನನಗೆ ಬಂತು. ಕೈಯಲ್ಲೊಂದು ಕೋಲು, ತಲೆಯ ಮೇಲೊಂದು ಒದ್ದೆ ಟವೆಲು, ಪ್ಯಾನೆಲ್ಲಿನ ನೆರಳಲ್ಲಿ ಕುರ್ಚಿ. ಕಾಗೆಗಳೊಂದಿಗೆ ನನ್ನ ಪದ್ಧತಿ ನಡೆಯಲಿಲ್ಲ, ಅವು ಅರ್ಧಕ್ಕೆ ಒಪ್ಪುವ ಪೈಕಿಯಲ್ಲ. ಮೊದಲೆರಡು ದಿನ ಮಜವಾಗಿತ್ತು. ಮೂರನೇ ದಿನ ನಾನೇ ಮಾಡಿದ ಸಾರು ನನಗೇ ಬೇಡವಾಯಿತು. ನಾಲ್ಕನೇ ದಿನ ಮಧ್ಯಾಹ್ನ ಮನೆ ಬಿಕೋ ಎನ್ನುತ್ತಿತ್ತು, ಫೋನು ಕೈಗೆತ್ತಿಕೊಂಡೆ. ನಾಳೆ ಬಂದುಬಿಡು ಎಂಬ ಮಾತು ತುದಿನಾಲಿಗೆಯಲ್ಲೇ ಇತ್ತು.

"ಹಲೋ, ಏನಾತ್ರಿ?" ಎಂದಳು. ಅವಳ ಹಿಂದೆ ನಮ್ಮ ಅತ್ತೆಯ ದನಿ. ಎಂಬತ್ತು ದಾಟಿದ ಮುದುಕಿ, ಮಗಳಿಗೆ ಏನೋ ತೋರಿಸುತ್ತ, ಇಲ್ಲಿ ನೋಡ ಇಲ್ಲಿ ನೋಡ ಎನ್ನುತ್ತಿದ್ದಳು.

"ಏನಿಲ್ಲ. ಸಂಡಿಗಿಗೆ ಇನ್ನೂ ಒಂದು ಬಿಸಲು ಬೇಕಾಗತೈತೇನು ಅಂತ ಕೇಳಾಕ ಮಾಡಿದೆ."

"ಬೇಕಾಗತೈತ್ರಿ. ತಿರುವಿ ಹಾಕ್ರಿ." ಆಮೇಲೆ ಮೆಲ್ಲಗೆ ಕೇಳಿದಳು, "ನಾ ಯಾವಾಗ ಬರ್ಲಿ?"

"ಇನ್ನೂ ನಾಕು ದಿನ ಐತಲ್ಲ" ಎಂದೆ.

ಫೋನು ಇಟ್ಟು ಮಾಳಿಗೆಗೆ ಹೋಗಿ ಸಂಡಿಗೆ ತಿರುವಿ ಹಾಕಿದೆ.